ಮಲಂಪುಳದ ಯಕ್ಷಿಯೂ ನಮ್ಮ ತಗ್ಗಿದ ದೃಷ್ಟಿಯೂ

ಕಲೆಯ ಮುಂದೆ ಕಣ್ಣು ತಗ್ಗಿಸುವವನು ಕಲೆಯನ್ನರಿಯದವನು ಎಂಬ ತೀರ್ಪು ನಮ್ಮ ನಾಡಿನ ವಿದ್ಯಾವಂತರ ವಲಯದಲ್ಲಿ ಬಹುಕಾಲದಿಂದ ಚಲಾವಣೆಯಲ್ಲಿದೆ. ಬೆತ್ತಲೆ ಪ್ರತಿಮೆಯೊಂದರ ಎದುರು ಮುಸ್ಲಿಮ್ ಕುಟುಂಬವೊಂದು ಮುಖ ತಿರುಗಿಸಿ ಮುಂದೆ ಸಾಗಿದರೆ, ಅದನ್ನು ಹಿಂದುಳಿದವರ ಲಕ್ಷಣವೆಂದು ಬಗೆಯಲಾಗುತ್ತದೆ. ಅದೇ ಪ್ರತಿಮೆಯ ಕಾಲ ಬಳಿ ನಿಂತು ಹಲ್ಲು ಕಿರಿದು ಫೋಟೋ ತೆಗೆಸಿಕೊಂಡವನಿಗೆ ಮಾತ್ರ ಯಾರೂ ಏನೂ ಅನ್ನುವುದಿಲ್ಲ. ಈ ತೀರ್ಪನ್ನು ನಾವು ಒಪ್ಪುವುದಿಲ್ಲ. ಇದೇ ವಿಷಯದಲ್ಲಿ ನಮ್ಮವರು ಆಡುತ್ತಿರುವ ಕೆಲವು ಮಾತುಗಳನ್ನೂ ಒಪ್ಪುವುದಿಲ್ಲ. ಎರಡನ್ನೂ ಮುಚ್ಚಿಡದೆ ಹೇಳಬೇಕಾಗಿದೆ.

ವಿಷಯಕ್ಕೆ ಕಾರಣ ಕೇರಳದ ಪಾಲಕ್ಕಾಡ್ ಜಿಲ್ಲೆಯ ಮಲಂಪುಳ ಅಣೆಕಟ್ಟಿನ ಉದ್ಯಾನದಲ್ಲಿರುವ 'ಯಕ್ಷಿ' ಎಂಬ ಪ್ರತಿಮೆ. 30 ಅಡಿ ಎತ್ತರದ, ಕಾಂಕ್ರೀಟಿನಲ್ಲಿ ರೂಪಿಸಿದ, ಒಂದೆಳೆ ಬಟ್ಟೆಯೂ ಇಲ್ಲದೆ ಕುಳಿತ ಹೆಣ್ಣಿನ ಆಕೃತಿ ಅದು. 1969ರಲ್ಲಿ ಅದನ್ನು ಪೂರ್ಣಗೊಳಿಸಿದವರು ಕಾನಾಯಿ ಕುಂಞಿರಾಮನ್. ಅವರು ನಮಗೆ ದೂರದವರೇನಲ್ಲ. ಕನ್ನಡಿಗರು ತಮ್ಮದೆಂದು ಇಂದಿಗೂ ಹಂಬಲಿಸುವ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನ ಕಡೆಯವರು. ಮದ್ರಾಸಿನ ಕಲಾಶಾಲೆಯಲ್ಲಿಯೂ ಅನಂತರ ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿಯೂ ಕಲಿತು ಬಂದವರು. ಯಕ್ಷಿ ತಲೆಯೆತ್ತಿದಾಗ ಆ ಊರಿನಲ್ಲಿ ವಿರೋಧ ಎದ್ದಿತು, ಕಾಲ ಕಳೆದಂತೆ ಆರಿತು. 2019ರಲ್ಲಿ ಪ್ರತಿಮೆಗೆ ಐವತ್ತು ವರ್ಷ ತುಂಬಿದಾಗ ಸಂಭ್ರಮವನ್ನೇ ಆಚರಿಸಲಾಯಿತು.

ಇದು ಕೇರಳದವರ ಗೊಡವೆ, ನಮಗೇಕೆ ಎನ್ನುವಂತಿಲ್ಲ. ಚಾಮರಾಜನಗರದಿಂದ ದಿಂಬಂ ಘಟ್ಟವಿಳಿದು ಸತ್ಯಮಂಗಲ, ಕೊಯಮತ್ತೂರು ದಾಟಿದರೆ ಪಾಲಕ್ಕಾಡ್. ಗುಂಡ್ಲುಪೇಟೆಯವರಿಗಾದರೆ ಬಂಡೀಪುರ, ಊಟಿಯ ದಾರಿ. ಶಾಲೆಗಳ ಶೈಕ್ಷಣಿಕ ಪ್ರವಾಸ, ಹೊಸ ಮದುಮಕ್ಕಳ ತಿರುಗಾಟ, ಈದ್ ಮುಗಿದ ವಾರ ವ್ಯಾನ್ ಮಾಡಿಕೊಂಡು ಹೊರಡುವ ಇಡೀ ಕುಟುಂಬಗಳು, ಎಲ್ಲವೂ ಈ ದಾರಿಯಲ್ಲಿ ಸಾಗುತ್ತವೆ. ಅಂಥ ಪ್ರವಾಸವೊಂದರಿಂದ ಮಗ ಹಿಂದಿರುಗಿದ ಮೇಲೆ ಅವನ ಮೊಬೈಲಿನಲ್ಲಿದ್ದ ಚಿತ್ರಗಳನ್ನು ಕಂಡು ಗುಂಡ್ಲುಪೇಟೆಯ ತಂದೆಯೊಬ್ಬರು ನಮ್ಮಲ್ಲಿಗೆ ಬಂದು, "ಹಜ್ರತ್, ಇದನ್ನು ಸರ್ಕಾರದ ತೋಟದಲ್ಲೇ ಇಟ್ಟಿದ್ದಾರಂತಲ್ಲ, ಮಕ್ಕಳಿಗೆ ಏನು ಹೇಳೋಣ?" ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇವೆ.

ಮೊದಲು ಎದುರಾಳಿಗಳ ಮಾತನ್ನು ನ್ಯಾಯವಾಗಿ ಕೇಳೋಣ. ಅವರು ಹೇಳುವುದು ಮುಖ್ಯವಾಗಿ ಮೂರು ಮಾತು. ನಗ್ನತೆ ಭಾರತದ ಶಿಲ್ಪಪರಂಪರೆಗೆ ಹೊಸದಲ್ಲ. ನಮ್ಮ ಗೊಮ್ಮಟನೇ ಬೆತ್ತಲೆ ನಿಂತಿದ್ದಾನೆ. ದೇಹ ಪ್ರಕೃತಿಯ ಸೃಷ್ಟಿ, ಅದನ್ನು ಮುಚ್ಚಿದ್ದು ಮನುಷ್ಯನ ಕಪಟ. ಕಲಾವಿದ ಆ ಕಪಟವನ್ನು ಕಳಚುತ್ತಾನೆ. ಇಷ್ಟವಿಲ್ಲದವನು ನೋಡದಿದ್ದರಾಯಿತು.

ಗೊಮ್ಮಟನ ಮಾತು ಬಂದಿದ್ದರಿಂದ ಅಲ್ಲಿಂದಲೇ ತೊಡಗೋಣ. ಶ್ರವಣಬೆಳಗೊಳದ 58 ಅಡಿಯ ಮೂರ್ತಿಯನ್ನು ಗಂಗರ ಮಂತ್ರಿ ಚಾವುಂಡರಾಯ ಹತ್ತನೆಯ ಶತಮಾನದ ಕೊನೆಯಲ್ಲಿ ಮಾಡಿಸಿದ. ಕಾರ್ಕಳದ್ದು 1432ರದು, ವೇಣೂರಿನದು 1604ರದು. ಆಧುನಿಕ ಶಿಲ್ಪಿಯ ಕೃತಿಯೇ ಬೇಕೆಂದರೆ ಧರ್ಮಸ್ಥಳದ 39 ಅಡಿಯ ಬಾಹುಬಲಿಯಿದೆ. ಅದನ್ನು ಕಾರ್ಕಳದಲ್ಲಿ ಕಡೆದವರು ರೆಂಜಾಳ ಗೋಪಾಲಕೃಷ್ಣ ಶೆಣೈ, ಅದರ ಪ್ರತಿಷ್ಠೆಯಾದದ್ದು 1982ರಲ್ಲಿ. ಜೈನರಲ್ಲದ ಶಿಲ್ಪಿಯೊಬ್ಬರು ಜೈನರ ನಂಬಿಕೆಯನ್ನು ತಮ್ಮ ಉಳಿಯಿಂದ ಮೂಡಿಸಿದ ಆ ಕೆಲಸದಲ್ಲಿ ಒಂದು ಗಾಂಭೀರ್ಯವಿದೆ ಎಂಬುದನ್ನು ನಾವು ಕಾಣಬಲ್ಲೆವು. ಗೆದ್ದ ರಾಜ್ಯವನ್ನು ಅಣ್ಣನಿಗೆ ಬಿಟ್ಟುಕೊಟ್ಟು, ಉಡುವ ಬಟ್ಟೆಯನ್ನೂ ತೊರೆದು, ಬಳ್ಳಿ ಕಾಲಿಗೆ ಸುತ್ತುವವರೆಗೆ, ಹುತ್ತ ಬೆಳೆಯುವವರೆಗೆ ನಿಂತವನ ಕಥೆ ಅದು. ಆ ಬೆತ್ತಲೆ ತ್ಯಾಗದ ಬೆತ್ತಲೆ. ನೋಡುವವನ ಆಸೆಯನ್ನು ಕೆಣಕುವ ಉದ್ದೇಶ ಅದಕ್ಕಿಲ್ಲ. ನಮ್ಮ ಚಾಮರಾಜನಗರದ ಬಳಿಯ ಮಲೆಯೂರಿನ ಕನಕಗಿರಿ ಜೈನರ ಹಳೆಯ ಕ್ಷೇತ್ರ. ಆ ಕಡೆ ವಿಹಾರ ಹೊರಟ ದಿಗಂಬರ ಮುನಿಗಳು ರಸ್ತೆಯಲ್ಲಿ ಎದುರಾದರೆ ನಮ್ಮ ಹಿರಿಯರು ಬದಿಗೆ ಸರಿದು ದಾರಿ ಬಿಡುತ್ತಾರೆ.

ಹಾಗೆಂದು ಆ ದಾರಿ ನಮ್ಮ ದಾರಿಯಲ್ಲ. ಪ್ರತಿಮೆಯ ಆರಾಧನೆಯನ್ನು ಇಸ್ಲಾಮ್ ಸ್ವೀಕರಿಸುವುದಿಲ್ಲ, ತ್ಯಾಗಕ್ಕಾಗಿ ವಸ್ತ್ರವನ್ನು ತೊರೆಯುವುದನ್ನೂ ಸ್ವೀಕರಿಸುವುದಿಲ್ಲ. ಆದರೆ ಅಲ್ಲಾಹನನ್ನು ಬಿಟ್ಟು ಇತರರು ಕರೆದು ಪ್ರಾರ್ಥಿಸುವವುಗಳನ್ನು ನಿಂದಿಸಬಾರದೆಂದು ಪವಿತ್ರ ಕುರ್‌ಆನಿನ ಅಲ್ ಅನ್‌ಆಮ್ ಅಧ್ಯಾಯದ 108ನೆಯ ಸೂಕ್ತ ಸತ್ಯವಿಶ್ವಾಸಿಗಳಿಗೆ ಸ್ಪಷ್ಟವಾಗಿ ಆಜ್ಞಾಪಿಸಿದೆ. ಗೊಮ್ಮಟನ ಚಿತ್ರಕ್ಕೆ ಕೀಳು ಮಾತು ಸೇರಿಸಿ ವಾಟ್ಸ್ಆ್ಯಪಿನಲ್ಲಿ ಹಂಚುವ ಯುವಕರು ನಮ್ಮ ಮಹಲ್ಲಾಗಳಲ್ಲಿ ಇದ್ದಾರೆ. ಅವರು ದೀನಿನ ಸೇವೆ ಮಾಡುತ್ತಿಲ್ಲ, ಅಲ್ಲಾಹನ ಆಜ್ಞೆಯನ್ನು ಮುರಿಯುತ್ತಿದ್ದಾರೆ. ಅವರ ತಂದೆಯರು ಇದನ್ನು ಓದುತ್ತಿದ್ದರೆ ಇಂದು ರಾತ್ರಿಯೇ ಮಗನನ್ನು ಕೂರಿಸಿಕೊಂಡು ಮಾತನಾಡಲಿ.

ಇನ್ನು ಅಕ್ಕಮಹಾದೇವಿ. ಉಡುಗೆಯನ್ನು ಬಿಟ್ಟು ಹೊರಟ ಆ ಶರಣೆಯ ಕಥೆ ಕನ್ನಡ ಓದಿದ ಯಾರಿಗೂ ಹೊಸದಲ್ಲ. ಆದರೆ ಕನ್ನಡದ ಶಿಲ್ಪಿಯೂ ಚಿತ್ರಕಾರನೂ ಅವಳನ್ನು ರೂಪಿಸುವಾಗ ಏನು ಮಾಡುತ್ತಾರೆ? ಉದ್ದನೆಯ ಕೇಶರಾಶಿಯಿಂದ ಮೈಯನ್ನು ಮುಚ್ಚುತ್ತಾರೆ. ಬಟ್ಟೆ ಬಿಟ್ಟವಳನ್ನು ಚಿತ್ರಿಸುವಾಗಲೂ ಅವಳ ಮಾನವನ್ನು ಕಾಯಬೇಕೆಂಬ ವಿವೇಕ ಈ ನಾಡಿನ ಕುಶಲಕರ್ಮಿಗೆ ಇತ್ತು. ಅದನ್ನು ಅವನಿಗೆ ಯಾವ ಮೌಲವಿಯೂ ಕಲಿಸಿರಲಿಲ್ಲ. ಪರಂಪರೆ, ಪರಂಪರೆ ಎನ್ನುವವರು ಈ ಪರಂಪರೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲವೇ? ಗೊಮ್ಮಟನನ್ನು ಸಾಕ್ಷಿಗೆ ಕರೆತಂದು ಯಕ್ಷಿಯ ಪರ ವಾದಿಸುವುದೆಂದರೆ ಉಪವಾಸದ ಹೆಸರು ಹೇಳಿ ಔತಣ ಬಡಿಸಿದಂತೆ.

ಎರಡನೆಯ ಮಾತು ಹೆಚ್ಚು ಆಳವಾದದ್ದು. ಬಟ್ಟೆಯೇ ಕಪಟ, ಬೆತ್ತಲೆಯೇ ನಿಜ ಎಂಬ ವಾದ ಆಧುನಿಕರ ಶೋಧವಲ್ಲ. ಪ್ರವಾದಿ ಮುಹಮ್ಮದ್(ಸ)ರ ಕಾಲಕ್ಕೆ ಮುಂಚಿನ ಅರಬರಲ್ಲಿ, ಹೊರಗಿನಿಂದ ಮಕ್ಕಾಕ್ಕೆ ಬಂದವರು ಕುರೈಶರಿಂದ ಬಟ್ಟೆ ದೊರಕದಿದ್ದರೆ ಕಅಬಾದ ಸುತ್ತ ಬೆತ್ತಲೆಯಾಗಿಯೇ ತವಾಫ್ ಮಾಡುತ್ತಿದ್ದರು. ಪಾಪ ಮಾಡಿದಾಗ ಧರಿಸಿದ್ದ ಬಟ್ಟೆಯಲ್ಲಿ ದೇವರ ಮನೆಯನ್ನು ಸುತ್ತಬಾರದು ಎಂಬುದು ಅವರ ತರ್ಕ. ಬೆತ್ತಲೆಗೆ ಅಂದೂ ಒಂದು ತತ್ವಜ್ಞಾನವಿತ್ತು, ಅದೂ ಭಕ್ತಿಯ ವೇಷದಲ್ಲಿ. ಹಿಜರಿ 9ನೆಯ ವರ್ಷ ಅಬೂಬಕ್ಕರ್(ರ)ರ ನೇತೃತ್ವದಲ್ಲಿ ಹಜ್ಜ್ ನಡೆದಾಗ, ಇನ್ನು ಮುಂದೆ ಯಾರೂ ಬೆತ್ತಲೆಯಾಗಿ ತವಾಫ್ ಮಾಡುವಂತಿಲ್ಲ ಎಂದು ಸಾರಲಾಯಿತು. ಅಂದಿನಿಂದ ಆ ತರ್ಕಕ್ಕೆ ನಮ್ಮಲ್ಲಿ ಸ್ಥಳವಿಲ್ಲ.

ಕುರ್‌ಆನ್ ಉಡುಗೆಯನ್ನು ಮನುಷ್ಯನ ಕಪಟವೆಂದು ಹೇಳುವುದಿಲ್ಲ. ಅಲ್ಲಾಹನು ಇಳಿಸಿಕೊಟ್ಟ ಅನುಗ್ರಹವೆಂದು ಅಲ್ ಅಅ್‌ರಾಫ್ ಅಧ್ಯಾಯದಲ್ಲಿ ಹೇಳುತ್ತದೆ. ಆದಮ್ ಮತ್ತು ಹವ್ವಾ(ಅ) ಅವರ ಗುಪ್ತಾಂಗಗಳು ಪ್ರಕಟವಾದೊಡನೆ ಅವರು ಮೊದಲು ಮಾಡಿದ ಕೆಲಸ ಸ್ವರ್ಗದ ಎಲೆಗಳಿಂದ ಮೈ ಮುಚ್ಚಿಕೊಂಡದ್ದು. ಆಗ ಅಲ್ಲಿ ಸಮಾಜವಿರಲಿಲ್ಲ, ನೆರೆಮನೆಯವರ ಮಾತಿಗೆ ಅಂಜಬೇಕಾದ ಪ್ರಮೇಯವಿರಲಿಲ್ಲ, ಕೈಕೋಲು ಹಿಡಿದ ಮೌಲವಿಯೂ ಇರಲಿಲ್ಲ. ಇದ್ದವರು ಗಂಡ ಹೆಂಡತಿ ಇಬ್ಬರೇ. ಆದರೂ ಕೈ ಎಲೆಯ ಕಡೆಗೆ ಹೋಯಿತು. ಲಜ್ಜೆ ಎಂಬುದು ಸಮಾಜ ಹೊರಿಸಿದ ಹೊರೆಯಾಗಿದ್ದರೆ ಹೀಗೆ ಆಗುತ್ತಿತ್ತೇ? ಹಯಾ ಈಮಾನಿನ ಒಂದು ಶಾಖೆ ಎಂದು ಪ್ರವಾದಿ(ಸ) ಕಲಿಸಿದ್ದು ಇದನ್ನೇ. ದೇಹ ಕೆಟ್ಟದ್ದೆಂದು ನಾವು ಅದನ್ನು ಮುಚ್ಚುವುದಿಲ್ಲ. ಮನೆಯ ಒಳಕೋಣೆಗೆ ಬಾಗಿಲಿರುವುದು ಆ ಕೋಣೆ ಕೊಳಕು ಎಂಬ ಕಾರಣಕ್ಕಲ್ಲ.

ಯಕ್ಷಿ ಜೀವವಿಲ್ಲದ ಸಿಮೆಂಟು, ಅದಕ್ಕೆಂಥ ಮಾನ ಎಂದು ನಮ್ಮವರೇ ಆದ ಅಧ್ಯಾಪಕರೊಬ್ಬರು ಕೇಳಿದರು. ನಾವು ಮಯ್ಯಿತ್‌ಗೆ ಗುಸ್ಲ್ ಮಾಡಿಸುವುದನ್ನು ಅವರೂ ಕಂಡಿದ್ದಾರೆ. ಉಸಿರು ಹೋದ ದೇಹ, ನೋವಿಲ್ಲ, ನಾಚಿಕೆಯಿಲ್ಲ, ಇನ್ನೆರಡು ಗಳಿಗೆಗೆ ಮಣ್ಣು ಸೇರಲಿದೆ. ಆದರೂ ಹೊಕ್ಕುಳಿನಿಂದ ಮೊಣಕಾಲಿನವರೆಗೆ ಬಟ್ಟೆ ಹೊದಿಸಿಯೇ ನೀರು ಹಾಕುತ್ತೇವೆ. ತೊಳೆಯುವ ಕೈಗೂ ಬಟ್ಟೆ ಸುತ್ತಿಕೊಂಡು ಆ ಹೊದಿಕೆಯ ಒಳಗಿನಿಂದಲೇ ತೊಳೆಯುತ್ತೇವೆ. ತೊಳೆಯುವವನು ಕಂಡದ್ದನ್ನು ಹೊರಗೆ ಆಡುವಂತಿಲ್ಲ. ಬಡವನಿರಲಿ, ಜಮೀನುದಾರನಿರಲಿ, ಇದರಲ್ಲಿ ಭೇದವಿಲ್ಲ. ಮನುಷ್ಯನ ಆಕಾರಕ್ಕೇ, ಅದರಲ್ಲಿ ಪ್ರಾಣ ಇಲ್ಲದಾಗಲೂ, ಒಂದು ಮರ್ಯಾದೆ ಇದೆ ಎಂದು ನಂಬುವ ಸಮುದಾಯ 30 ಅಡಿಯ ಬೆತ್ತಲೆ ಹೆಣ್ಣಿನ ಆಕಾರದ ಮುಂದೆ ಮುಜುಗರಪಟ್ಟರೆ ಅದು ಅಜ್ಞಾನದಿಂದಲ್ಲ, ಆ ನಂಬಿಕೆಯಿಂದ. ಇದನ್ನು ಕಲಾಭಿಜ್ಞರು ಅರ್ಥ ಮಾಡಿಕೊಳ್ಳಲಿ.

ಮೂರನೆಯ ಮಾತು, ಇಷ್ಟವಿಲ್ಲದವರು ನೋಡಬೇಡಿ ಎಂಬುದು. ಕಲಾ ಗ್ಯಾಲರಿಯ ಗೋಡೆಗಳ ಒಳಗಾದರೆ ಈ ಮಾತು ಒಪ್ಪತಕ್ಕದ್ದೇ. ಅಲ್ಲಿಗೆ ಹೋಗುವವನು ಬೇಕೆಂದೇ ಹೋಗುತ್ತಾನೆ. ಮಲಂಪುಳದ್ದು ಜಲಾಶಯದ ಕೆಳಗಿನ ಸಾರ್ವಜನಿಕ ಉದ್ಯಾನ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ ತಂದೆ, ಅತ್ತೆಯೊಡನೆ ಬಂದ ಸೊಸೆ, ಮೇಷ್ಟರೊಡನೆ ಬಂದ ಎಂಟನೆಯ ತರಗತಿಯ ಹುಡುಗಿಯರು ಹುಲ್ಲು, ಹೂವು, ನೀರು ನೋಡಲು ಬಂದವರು. ಅವರು ಎಲ್ಲಿ ನಿಂತರೂ ಕಣ್ಣಿಗೆ ಬೀಳುವಷ್ಟು ಎತ್ತರಕ್ಕೆ ಅದನ್ನು ನಿಲ್ಲಿಸಿ, ಬಳಿಕ ನೋಡಬೇಡಿ ಎನ್ನುವುದು ನ್ಯಾಯವೇ? ಹೆಣ್ಣಿನ ಆದಿಶಕ್ತಿಯನ್ನೂ ಭೂಮಿಯ ಬಲವನ್ನೂ ಅದರಲ್ಲಿ ಕಾಣಬೇಕೆಂದು ರಸಿಕರು ವಿವರಿಸುತ್ತಾರೆ. ಶಿಲ್ಪಿಯ ಮನಸ್ಸಿನಲ್ಲಿ ಅಂಥ ಗಂಭೀರ ಭಾವನೆಯೇ ಇತ್ತೆಂದು ನಾವು ಅನುಮಾನವಿಲ್ಲದೆ ಒಪ್ಪುತ್ತೇವೆ. ಆದರೆ ರಜೆಯ ದಿನ ಬಂದ ಹುಡುಗರ ಗುಂಪು ಕಾಣುವುದು ಆದಿಶಕ್ತಿಯನ್ನಲ್ಲ. ಅವರ ಸಿಳ್ಳೆ, ಅವರ ಕೊಂಕುಮಾತು, ಅವರು ಕೈ ಚಾಚಿ ತೆಗೆಸಿಕೊಳ್ಳುವ ಫೋಟೋಗಳ ಭಂಗಿ, ಪಕ್ಕದಲ್ಲಿ ನಿಂತ ಹೆಣ್ಣುಮಕ್ಕಳ ಕುಗ್ಗಿದ ಮುಖ, ಇವೆಲ್ಲ ಯಾವ ಕಲಾವಿಮರ್ಶೆಯ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ನಿಜವಾದ ಹೆಣ್ಣುಮಕ್ಕಳು ಕುಗ್ಗಿ ನಿಲ್ಲಬೇಕಾದ ಜಾಗದಲ್ಲಿ ಹೆಣ್ಣಿನ ಶಕ್ತಿಯ ಸ್ಮಾರಕವಿದೆ ಎಂಬ ಮಾತು ನಮಗೆ ಅರ್ಥವಾಗುವುದಿಲ್ಲ.

ಕಾನೂನು ಅವರ ಕಡೆಗಿದೆ ಎನ್ನಬಹುದು. ಇರಲಿ. ಅಶ್ಲೀಲತೆಯನ್ನು ಕುರಿತ ಭಾರತೀಯ ದಂಡಸಂಹಿತೆಯ 292ನೆಯ ಕಲಮು, 2024ರ ಜುಲೈಯಿಂದ ನ್ಯಾಯಸಂಹಿತೆಯ 294ನೆಯ ಕಲಮು, ಪ್ರಾಚೀನ ಸ್ಮಾರಕಗಳಿಗೂ ದೇವಾಲಯ, ರಥಗಳ ಮೇಲಿನ ಶಿಲ್ಪಗಳಿಗೂ ಸಾರ್ವಜನಿಕ ಹಿತಕ್ಕಾಗಿ ಇರುವ ಕಲೆಗೂ ವಿನಾಯಿತಿ ಕೊಟ್ಟಿದೆ. ನಗ್ನವಾದ ಮಾತ್ರಕ್ಕೆ ಚಿತ್ರವೊಂದು ಅಶ್ಲೀಲವಾಗದು ಎಂದು ಸುಪ್ರೀಂ ಕೋರ್ಟು ಅವೀಕ್ ಸರ್ಕಾರ್ ಪ್ರಕರಣದಲ್ಲಿ 2014ರಲ್ಲಿ ಹೇಳಿದೆ. ನಾವು ಯಕ್ಷಿಯನ್ನು ನ್ಯಾಯಾಲಯಕ್ಕೆ ಎಳೆಯುತ್ತಿಲ್ಲ. ಶಿಕ್ಷೆಗೆ ಗುರಿಯಾಗದ ಎಲ್ಲವೂ ಮೆಚ್ಚತಕ್ಕದ್ದಲ್ಲ ಎಂದಷ್ಟೇ ಹೇಳುತ್ತಿದ್ದೇವೆ. ಒಪ್ಪದಿರುವ ಸ್ವಾತಂತ್ರ್ಯವನ್ನೂ ಅದೇ ಸಂವಿಧಾನ ನಮಗೆ ಕೊಟ್ಟಿದೆ.

ಇಲ್ಲಿಯವರೆಗೆ ತಲೆದೂಗುತ್ತ ಓದಿದ ನಮ್ಮವರಿಗೆ ಇನ್ನು ಮುಂದಿನದು ಅಷ್ಟು ರುಚಿಸಲಾರದು.

ಎಂ.ಎಫ್. ಹುಸೇನರ ವಿಷಯ ತೆಗೆದುಕೊಳ್ಳಿ. ಅವರು ಎಷ್ಟೋ ವರ್ಷ ಹಿಂದೆ ಬರೆದಿದ್ದ ಹಿಂದೂ ದೇವತೆಗಳ ಬೆತ್ತಲೆ ಚಿತ್ರಗಳ ಮೇಲೆ 1996ರಲ್ಲಿ ವಿವಾದವೆದ್ದಿತು. ಮೊಕದ್ದಮೆಗಳ ಮೇಲೆ ಮೊಕದ್ದಮೆಗಳು ಬಿದ್ದವು. 2008ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟು ಅವರ ಪರ ತೀರ್ಪಿತ್ತರೂ ಅವರು ಸ್ವದೇಶಕ್ಕೆ ಮರಳಲಿಲ್ಲ. 2010ರಲ್ಲಿ ಕತಾರಿನ ಪೌರರಾಗಿ, 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಮುದುಕನೊಬ್ಬನನ್ನು ಬೆದರಿಸಿ ದೇಶದಿಂದ ದೂರ ಇಟ್ಟದ್ದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮಲ್ಲಿ ಹಲವರು ಅವರ ಪರ ನಿಂತದ್ದು ಕಲಾಸ್ವಾತಂತ್ರ್ಯದ ಮೇಲಿನ ಪ್ರೀತಿಯಿಂದಲೇ? ಹೆಸರು ಹುಸೇನ್ ಎಂದಿದ್ದುದರಿಂದಲೇ? 2004ರಲ್ಲಿ ಅದೇ ಹುಸೇನರ 'ಮೀನಾಕ್ಷಿ' ಚಲನಚಿತ್ರದ ಒಂದು ಹಾಡಿನಲ್ಲಿ ಕುರ್‌ಆನಿನ ಪದಗಳು ಬಳಕೆಯಾದವೆಂದು ನಮ್ಮ ಸಂಘಟನೆಗಳು ಪ್ರತಿಭಟಿಸಿದವು, ಚಿತ್ರವನ್ನು ಚಿತ್ರಮಂದಿರಗಳಿಂದ ಹಿಂತೆಗೆದುಕೊಳ್ಳಲಾಯಿತು. ನಮ್ಮ ಪವಿತ್ರ ಪದಗಳಿಗೆ ನೋವಾದಾಗ ಎದ್ದ ನಾವು, ನೆರೆಯವನು ತಾಯಿ ಎಂದು ಕರೆಯುವವಳನ್ನು ಬೆತ್ತಲೆಗೊಳಿಸಿದಾಗ ಅದನ್ನು ಕಲೆ ಎಂದೆವು. ಈ ಎರಡು ತಕ್ಕಡಿಗಳಲ್ಲಿ ಒಂದನ್ನು ಬಿಸಾಡಲೇಬೇಕು. ಬೆತ್ತಲೆ ನಮಗೆ ಒಪ್ಪಿಗೆಯಿಲ್ಲವೆಂದರೆ ಯಾರ ಕುಂಚದಿಂದ ಬಂದರೂ, ಯಾರ ತಾಯಿಯದಾದರೂ ಒಪ್ಪಿಗೆಯಿಲ್ಲ.

ಮತ್ತೆ ಕೆಲವರಿದ್ದಾರೆ, ಸುತ್ತಿಗೆಯ ಮಾತನ್ನಾಡುವವರು. 2001ರಲ್ಲಿ ಅಫಘಾನಿಸ್ತಾನದ ಬಾಮಿಯಾನಿನಲ್ಲಿ ಬುದ್ಧನ ಪ್ರತಿಮೆಗಳನ್ನು ಸಿಡಿಸಿದವರಿಂದ ಇಸ್ಲಾಮಿಗೆ ಎಳ್ಳಷ್ಟೂ ಲಾಭವಾಗಲಿಲ್ಲ. ನಿಂದನೆಗೆ ಮಾತ್ರ ಹೊಸ ಬಾಯಿಗಳು ಹುಟ್ಟಿದವು. ಅಮ್ರ್ ಇಬ್ನುಲ್ ಆಸ್(ರ)ರ ಸೇನೆ ಈಜಿಪ್ಟನ್ನು ಪ್ರವೇಶಿಸಿತು, ಸ್ಫಿಂಕ್ಸ್ ಇಂದಿಗೂ ಅಲ್ಲೇ ಕುಳಿತಿದೆ. ಸಹಾಬಿಗಳಿಗಿಂತ ಹೆಚ್ಚು ದೀನ್ ತಿಳಿದವರು ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇದ್ದಾರೆಂದು ನಾವು ನಂಬುವುದಿಲ್ಲ.

ದೃಷ್ಟಿ ತಗ್ಗಿಸುವ ಆಜ್ಞೆ ಅನ್ನೂರ್ ಅಧ್ಯಾಯದ 30ನೆಯ ಸೂಕ್ತದಲ್ಲಿ ಮೊದಲು ಗಂಡಸರಿಗೆ ಬಂದಿದೆ, ಹೆಂಗಸರ ಸರದಿ 31ರಲ್ಲಿ. ಜುಮಾ ಮುಗಿಸಿ ಬಂದು ಯಕ್ಷಿಯ ಅಶ್ಲೀಲತೆಯನ್ನು ಅರ್ಧ ಗಂಟೆ ಖಂಡಿಸಿದವನ ಜೇಬಿನ ಮೊಬೈಲಿನಲ್ಲಿ ಏನಿದೆ? ಆ ಪ್ರತಿಮೆಯಾದರೋ ಕಾಂಕ್ರೀಟು. ಮೊಬೈಲಿನಲ್ಲಿರುವವರು ಯಾರದೋ ಮನೆಯ ಜೀವಂತ ಹೆಣ್ಣುಮಕ್ಕಳು. ಈ ಎರಡರಲ್ಲಿ ಯಾವುದು ದೊಡ್ಡ ಪಾಪವೆಂದು ಹೇಳಲು ಮುಫ್ತಿಯ ಬಳಿಗೆ ಹೋಗಬೇಕಾಗಿಲ್ಲ. ಮಲಂಪುಳಕ್ಕೆ ವರ್ಷಕ್ಕೊಮ್ಮೆಯೂ ಹೋಗುವುದಿಲ್ಲ, ಜೇಬಿಗೆ ದಿನಕ್ಕೆ ನೂರು ಸಲ ಕೈ ಹೋಗುತ್ತದೆ.

ಆ ತಂದೆಗೆ ಇನ್ನೂ ಒಂದು ಚಿಂತೆಯಿತ್ತು. ಕೂತ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಅವರ ಹಿರಿಯ ಮಗಳು ಚೆನ್ನಾಗಿ ಚಿತ್ರ ಬರೆಯುತ್ತಾಳೆ. ಪಿಯುಸಿ ಮುಗಿದ ಮೇಲೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಅಂದರೆ ಕಾವಾ, ಸೇರಬೇಕೆಂದು ಹಟ ಹಿಡಿದಿದ್ದಾಳೆ. ಮನೆಯಲ್ಲಿ ಎಲ್ಲರೂ ಬೇಡ ಎನ್ನುತ್ತಿದ್ದಾರೆ. ಕಲೆ ಎಂದರೆ ಇದೇ ಯಕ್ಷಿ ತಾನೇ ಎಂಬುದು ಅವಳ ಚಿಕ್ಕಪ್ಪನ ವಾದ.

ಅಲ್ಲ. ಸಜೀವಿಗಳ ಚಿತ್ರದ ವಿಷಯದಲ್ಲಿ ಹದೀಸುಗಳ ಎಚ್ಚರಿಕೆ ಕಟುವಾಗಿದೆ, ಪೂರ್ಣ ಪ್ರತಿಮೆಯನ್ನು ನಮ್ಮ ಉಲಮಾಗಳು ನಿಷಿದ್ಧವೆಂದೇ ಹೇಳಿದ್ದಾರೆ. ಕಾಗದದ ಮೇಲಿನ ಚಿತ್ರ, ಕ್ಯಾಮೆರಾದ ಚಿತ್ರ ಇವುಗಳಲ್ಲಿ ಅವರ ನಡುವೆ ಭಿನ್ನಾಭಿಪ್ರಾಯವಿದೆ. ಔರತ್ತನ್ನು, ಮುಚ್ಚಲೇಬೇಕಾದ ಅಂಗಗಳನ್ನು, ತೆರೆದು ತೋರಿಸುವುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಚಿತ್ರ ಬರೆದು ಬದುಕುತ್ತಿದ್ದವನೊಬ್ಬ ಇಬ್ನು ಅಬ್ಬಾಸ್(ರ)ರ ಬಳಿ ಬಂದಾಗ ಅವರು ಅವನ ಕೈಯಿಂದ ಕುಂಚವನ್ನು ಕಿತ್ತುಕೊಳ್ಳಲಿಲ್ಲ. ಮರಗಿಡಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ಬರೆ ಎಂದರು. ಆ ಒಂದು ಅನುಮತಿಯಿಂದ ಬೆಳೆದದ್ದನ್ನು ನೋಡಬೇಕಾದರೆ ವಿಜಾಪುರದ ಇಬ್ರಾಹಿಂ ರೋಜಾದ ಗೋಡೆಗಳ ಮೇಲಿನ ಅಕ್ಷರಗಳನ್ನು ನೋಡಬೇಕು, ಕಪ್ಪು ಲೋಹದಲ್ಲಿ ಬೆಳ್ಳಿಯ ಬಳ್ಳಿ ಬಿಡಿಸುವ ಬೀದರಿನ ಬಿದರಿ ಕೆಲಸಗಾರರ ಕೈಗಳನ್ನು ನೋಡಬೇಕು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಅದರಲ್ಲಿ ಆನೆ, ಕುದುರೆ, ಸೈನಿಕರು, ಸ್ವತಃ ಹೈದರ್ ಮತ್ತು ಟಿಪ್ಪು ಕೂಡ ಇದ್ದಾರೆ. ಅದನ್ನು ಬರೆಸಿದ್ದು ಸರಿಯೇ ಎಂದು ಉಲಮಾಗಳು ವಾದಿಸಲಿ. ಮುಸಲ್ಮಾನರಿಗೂ ಬಣ್ಣಕ್ಕೂ ಸಂಬಂಧವಿಲ್ಲ ಎನ್ನುವ ಚಿಕ್ಕಪ್ಪನವರು ಒಂದು ಭಾನುವಾರ ಅಲ್ಲಿಗೆ ಹೋಗಿಬರಲಿ, ಅಷ್ಟೆ.

ಆ ಹುಡುಗಿಯನ್ನು ತಡೆಯಬೇಡಿ ಎಂದು ತಂದೆಗೆ ಹೇಳಿದೆವು. ತಡೆದರೆ ಕಲೆ ಎಂದರೆ ಬೆತ್ತಲೆ ಎಂಬ ಎದುರಾಳಿಗಳ ವಾದವನ್ನೇ ನಾವು ಒಪ್ಪಿಕೊಂಡಂತಾಗುತ್ತದೆ. ನಾಳೆ ನಮ್ಮ ಪರವಾಗಿ ಬಣ್ಣದಲ್ಲಿ, ಗೆರೆಯಲ್ಲಿ ಉತ್ತರ ಕೊಡುವವರು ಯಾರೂ ಉಳಿಯುವುದಿಲ್ಲ. ಮನುಷ್ಯಾಕೃತಿಯ ಅಭ್ಯಾಸ ಪಠ್ಯದಲ್ಲಿ ಹೇಗಿದೆ, ಮಾದರಿಯಾಗಿ ಕೂರುವವರು ಉಡುಗೆಯಲ್ಲಿ ಕೂರುತ್ತಾರೋ ಹೇಗೆ ಎಂಬುದನ್ನು ಊಹಿಸಿಕೊಂಡು ಹೆದರದೆ ನೇರವಾಗಿ ಹೋಗಿ ಕೇಳಬೇಕು. ತೊಡಕಿದ್ದರೆ ತನ್ನ ಧರ್ಮದ ಕಟ್ಟಳೆ ಹೀಗಿದೆ ಎಂದು ಆಕೆಯೇ ಬರೆದು ವಿನಂತಿಸಲಿ. ಹಾಗೆ ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ಮಗನ ಪ್ರವಾಸವನ್ನೂ ನಿಲ್ಲಿಸಬೇಕಾಗಿಲ್ಲ. ಮಲಂಪುಳದಲ್ಲಿಯೇ ಒಡೆದ ಬಳೆ, ಹೆಂಚಿನ ಚೂರುಗಳಿಂದ ನೇಕ್ ಚಂದ್ ರೂಪಿಸಿದ ಶಿಲಾ ಉದ್ಯಾನವೂ ಇದೆ. ಹೋಗುವ ಮೊದಲು, ಅಲ್ಲಿ ಏನು ಎದುರಾಗುತ್ತದೆ, ಆಗ ನಾವು ಹೇಗೆ ನಡೆದುಕೊಳ್ಳುತ್ತೇವೆ, ಏಕೆ ಎಂದು ತಂದೆಯೇ ಮಗನಿಗೆ ಹೇಳಿ ಕಳುಹಿಸಬೇಕು. ಮಗ ನಗಬಹುದು, ಹೇಳಬೇಕು.

ಅವರು ಮುಂದಿನ ವಾರ ಮಗಳನ್ನು ಕರೆದುಕೊಂಡು ಮೈಸೂರಿಗೆ ಹೋಗುವವರಿದ್ದಾರೆ. ಅವಳು ಬರೆದ ಚಿತ್ರಗಳ ಕಟ್ಟನ್ನು ನಮಗೆ ತೋರಿಸಿದ್ದರು. ಗುಂಡ್ಲುಪೇಟೆಯ ಸೂರ್ಯಕಾಂತಿ ಹೊಲಗಳು, ಗೋಪಾಲಸ್ವಾಮಿ ಬೆಟ್ಟದ ಮಂಜು, ಅಜ್ಜಿಯ ತಸ್ಬೀಹ್ ಹಿಡಿದ ಕೈ.